ಅಕ್ಕ ನೋಡಿದ ಕಡೆ

ಭಾವ ಅದೇ ಜಾಕೆಟ್ ಹಾಕಿಕೊಂಡು ಬಂದಿದ್ದನ್ನು ಕಂಡ ಕೂಡಲೇ ಕತ್ತರಿ ಎಂಬ ಅವರ ಭಾಮೈದನ ಎದೆ ಧಸಕ್ಕೆಂದಿತು.

ಕಡುನೀಲಿ ಜಾಕೆಟ್, ಬೆನ್ನಿಗೆ ಅಡ್ಡಲಾಗಿ ಹಳದಿ ಪಟ್ಟಿ. ಬಸ್ ಡಿಪೋದಲ್ಲಿ ಡ್ರೈವರುಗಳಿಗೆಲ್ಲ ಕೊಡುವಂಥದ್ದು. ಇನ್ನು ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಮೂಡಲಿದ್ದ ವಿಡಿಯೋದಲ್ಲಿ ಬಾಗಿಲು ತಳ್ಳಿಕೊಂಡು ಒಳಗೆ ಬರುವ ಗಂಡಸಿನ ಮೈಮೇಲೂ ಅದೇ ಇತ್ತು. ಆ ಗಂಡಸಿಗೆ ಮುಖವಿರಲಿಲ್ಲ. ಬರೀ ಬೆನ್ನು.

"ಬೇಕೂಂತಲೇ ಹಾಕ್ಕೊಂಡು ಬಂದೆ ಕಣಯ್ಯಾ" ಎಂದರು ಭಾವ, ಚಹಾದ ಫ್ಲಾಸ್ಕನ್ನು ಮೇಜಿನ ಮೇಲಿಡುತ್ತ. "ಮುಖ ಅಂತೂ ನೀನು ತೋರಿಸ್ಲಿಲ್ಲ. ಬೆನ್ನು ನೋಡಿಯಾದ್ರೂ ಜನ ಗುರುತು ಹಿಡೀಲಿ. ಡಿಪೋದಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ, ಹೆಂಡ್ತಿ ಹಾಡಿಗೆ ನಾನೇ ಹೀರೋ ಅಂತ."

"ಸೆಕೆ ಇದೆ ಭಾವ. ತೆಗೆದಿಡಿ."

"ಎಲ್ಲಿ ಸೆಕೆ? ಫ್ಯಾನು ಗಿರಗಿರ ತಿರುಗ್ತಿದೆ."

"ಚಹಾ ಬಿದ್ದು ಕಲೆ ಆಗತ್ತೆ."

"ಆದ್ರೆ ಆಗ್ಲಿ ಬಿಡು. ಲಾಂಡ್ರಿ ಮೇಲೇ ಕೂತಿದ್ದೀವಿ!" ಭಾವ ತಮ್ಮ ಮಾತಿಗೆ ತಾವೇ ನಕ್ಕು, ಲೋಟಗಳನ್ನು ಸಾಲಾಗಿ ಜೋಡಿಸತೊಡಗಿದರು. ವರ್ಷಗಟ್ಟಲೆ ಸ್ಟೀರಿಂಗ್ ಹಿಡಿದು ಅವರ ಎಡಭುಜ ಕೊಂಚ ವಾಲಿತ್ತು. ಬೆನ್ನು ಕಂಡವರು ಮರೆಯುವಂತಿರಲಿಲ್ಲ.

ಅದು ಲಾಂಡ್ರಿಯ ಮಹಡಿಯಲ್ಲಿದ್ದ ಊಟದ ಕೋಣೆ. ಕೆಳಗಿನ ಯಂತ್ರಗಳ ನಡುಕ ನೆಲದ ಮೂಲಕ ಅಂಗಾಲಿಗೆ ತಟ್ಟುತ್ತಿತ್ತು. ಪಾಳಿ ಮುಗಿಸಿದ ಹೆಂಗಸರು ಒಬ್ಬೊಬ್ಬರಾಗಿ ಬಂದು, ಉದ್ದನೆಯ ಬೆಂಚುಗಳ ಮೇಲೆ ಕೂತು, ಚಪ್ಪಲಿ ಕಳಚಿ ಕಾಲು ಚಾಚುತ್ತಿದ್ದರು. ಅವರೊಡನೆ ಅಕ್ಕನೂ ಬರಬೇಕಿತ್ತು. ಆಸ್ಪತ್ರೆಯ ಹಾಸಿಗೆ ಬಟ್ಟೆ ತುರ್ತಾಗಿ ಬಂತೆಂದು ಮೇಲ್ವಿಚಾರಕಿ ಅವಳನ್ನು ಕೆಳಗೇ ಹಿಡಿದುಕೊಂಡಿದ್ದಳು. ಕತ್ತರಿಗೆ ಅದೊಂದೇ ಸಮಾಧಾನ, ಅವಳು ಯಾವ ಗಳಿಗೆಯಲ್ಲಿ ಬಂದಾಳೋ ಎಂಬುದೇ ಸಂಕಟ. ವಿಡಿಯೋ ಈಗ ಯಾವ ರೂಪದಲ್ಲಿದೆ ಎನ್ನುವುದು ಅಕ್ಕನಿಗೂ ಗೊತ್ತಿರಲಿಲ್ಲ, ಭಾವನಿಗೂ ಗೊತ್ತಿರಲಿಲ್ಲ.

ಕತ್ತರಿ ಎನ್ನುವುದು ಅವನ ನಿಜವಾದ ಹೆಸರಲ್ಲ. ಮದುವೆ, ಮುಂಜಿ, ಅಂಗಡಿ ಜಾಹೀರಾತು ಅಂತ ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಜೋಡಿಸುವ ವಿಡಿಯೋ ಅಂಗಡಿಯಲ್ಲಿ ಇಟ್ಟ ಅಡ್ಡಹೆಸರು. ನಾಲಿಗೆಯೂ ಹಾಗೇ ಇದ್ದದ್ದರಿಂದ ಅಂಟಿಕೊಂಡುಬಿಟ್ಟಿತು. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ಮೇಜು ಒದ್ದು ಶಾಲೆ ಬಿಟ್ಟವನು. ಅಂದಿನಿಂದ ಅಕ್ಕನ ಮನೆಯಲ್ಲೇ ಊಟ, ಅಲ್ಲೇ ನಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಂದಾಗ ಕೈಗೆ ಸಿಕ್ಕ ಸಾಮಾನು ಹಾರುತ್ತಿತ್ತು. ಆದರೆ ಯಾರ ಮೈಮೇಲೂ ಕೈ ಮಾಡಿದವನಲ್ಲ. ಅದನ್ನವನು ನಾಲ್ಕು ಜನರೆದುರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಅಕ್ಕ ಹಾಡುತ್ತಿದ್ದುದು ಸೋಲ್. ಪ್ರಾರ್ಥನೆಯ ಹಾಡು, ದುಡಿದು ದಣಿದವರ ಹಾಡು ಎರಡೂ ಬೆರೆತು ಹುಟ್ಟಿದ ಸಂಗೀತ. ಹಿಂದೆ ಆರ್ಗನ್ ಗುಂಯ್ಗುಟ್ಟುತ್ತಿರಬೇಕು, ಮುಂದೆ ಹೆಂಗಸೊಬ್ಬಳು ಎದೆಯ ತಳದಿಂದ ದನಿ ಎಳೆದು ತರಬೇಕು. "ಬರೀ ಸೋಲು ಸೋಲು ಅಂತೀಯಲ್ಲೇ, ಗೆಲ್ಲೋ ಹಾಡು ಯಾವತ್ತು ಹಾಡ್ತೀಯ?" ಎಂದು ಭಾವ ಮೊದಮೊದಲು ಕಿಚಾಯಿಸುತ್ತಿದ್ದರು. ಆಮೇಲೆ ಅವರೇ ಬಸ್ಸಿನಲ್ಲಿ ಅದನ್ನು ಗುನುಗಲು ಶುರುಮಾಡಿದರು.

ಹೆಂಗಸರು ಹಾಡಿದ ಸೋಲ್ ಹಾಡುಗಳ ವಿಡಿಯೋಗಳನ್ನು ಆರಿಸಿ ಟಿವಿಯಲ್ಲಿ ತೋರಿಸುವ ಕಾರ್ಯಕ್ರಮವೊಂದಿತ್ತು. ಆರಿಸುವವರು ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುವ ಲೆಕ್ಚರರ್ ಮೇಡಂ. ಕತ್ತರಿ ಮೊದಲು ಕಳಿಸಿದ್ದನ್ನು ಅವರು ವಾಪಸ್ ಕಳಿಸಿದ್ದರು. "ಹಾಡ್ತಾರೆ, ಪಾತ್ರೆ ತೊಳೀತಾರೆ, ಮತ್ತೆ ಹಾಡ್ತಾರೆ. ದನಿ ಅದ್ಭುತ. ಕತೆ ಎಲ್ಲಿ?" ಎಂದು ಫೋನಿನಲ್ಲಿ ಕೇಳಿದ್ದರು. ಓದಿದವರ ಕೊಬ್ಬು ಅಂತ ಕತ್ತರಿ ಹಲ್ಲು ಕಡಿದ. ಕತೆ ಬೇಕಾ, ಕೊಡ್ತೀನಿ ತಡಿ ಎಂದುಕೊಂಡು, ಬೇಡವೆಂದು ಬದಿಗಿಟ್ಟಿದ್ದ ತುಣುಕುಗಳನ್ನೆಲ್ಲ ಕೆದಕಿದ.

ಅಲ್ಲಿ ಸಿಕ್ಕಿತು ಆ ನೋಟ. ಅಕ್ಕ ಸಿಂಕಿನ ಮುಂದೆ ನಿಂತಿದ್ದಾಳೆ, ಕೈಯಲ್ಲಿ ಒದ್ದೆ ಬಟ್ಟಲು. ತಟ್ಟನೆ ತಿರುಗುತ್ತಾಳೆ. ಕಣ್ಣು ಅಗಲವಾಗುತ್ತದೆ, ತುಟಿ ಬಿರಿಯುತ್ತದೆ, ಬಟ್ಟಲು ವಾಲಿ ನೀರು ಸುರಿಯುತ್ತದೆ. ಕ್ಷಣಮಾತ್ರದ ತುಣುಕು. ಶೂಟಿಂಗಿನ ದಿನ ಲೈಟಿನ ಸ್ಟ್ಯಾಂಡು ಬಿದ್ದಿತ್ತು, ಅದಕ್ಕೆ ಬೆಚ್ಚಿದ್ದು ಎಂದು ಅವನಿಗೆ ನೆನಪು. ಅದಕ್ಕೂ ಮುಂಚೆ ಭಾವ ಬಾಗಿಲು ತಳ್ಳಿ ಒಳಬರುವುದನ್ನು ಅಂಟಿಸಿ ನೋಡಿದ. ಮೈ ಜುಮ್ಮೆಂದಿತು. ಬಾಗಿಲು, ಬೆನ್ನು, ಆ ಮುಖ. ಕತೆ ತಂತಾನೇ ಎದ್ದು ಕೂತಿತ್ತು. ಭಾವನ ಕೈಯಲ್ಲಿ ಬ್ರೆಡ್ಡಿನ ಚೀಲವಿತ್ತು. ಚಿತ್ರವನ್ನು ಹಿಗ್ಗಿಸಿ ಚೀಲವನ್ನು ಅಂಚಿನಾಚೆ ತಳ್ಳಿದ. ಭಾವ ನಡೆಯುವ ವೇಗವನ್ನು ತುಸು ಹೆಚ್ಚಿಸಿದ. ಅದನ್ನು ಕಳಿಸಿದ ಮಾರನೇ ದಿನವೇ ಮೇಡಂ ಫೋನು ಬಂತು: ನಿಮ್ಮಕ್ಕನ ಲಾಂಡ್ರಿಯಲ್ಲೇ ತೋರಿಸೋಣ.

ಅದು ಅವರ ಪದ್ಧತಿ. ಹಾಡು ಯಾರ ಬದುಕಿನದೋ ಅವರೇ ಮೊದಲು ನೋಡಬೇಕು. ಮೊದಲ ಸಲ ಸದ್ದಿಲ್ಲದೆ, ಎರಡನೇ ಸಲ ಸದ್ದಿನೊಂದಿಗೆ.

ಮೇಡಂ ಬಂದರು. ಕುಳ್ಳಗೆ, ದಪ್ಪ ಕನ್ನಡಕ, ಯಾರೂ ಎದ್ದು ನಿಲ್ಲದಂತೆ ಕೈಸನ್ನೆ ಮಾಡುತ್ತಲೇ ಒಳಬಂದರು. ಊಟದ ಪಟ್ಟಿ ಬರೆಯುವ ಹಲಗೆಯನ್ನು ಒರೆಸಿ ಮೂರು ಸಾಲು ಬರೆದರು: ಕತೆ ಏನು? ಯಾರಿಗಾಗಿ? ಇದು ಎಂಥ ಹಾಡು?

"ಪರೀಕ್ಷೆನಾ ಮೇಡಂ?" ಎಂದಳು ಇಸ್ತ್ರಿ ಅಜ್ಜಿ, ಎಲ್ಲರಿಗಿಂತ ಹಳಬಳು. "ನಾನು ಆಗ್ಲೇ ಫೇಲ್."

"ಇವತ್ತು ನೀವು ಪರೀಕ್ಷೆ ಮಾಡೋರಮ್ಮ. ಬರೆಯೋರು ಅಲ್ಲಿ ಕೂತಿದ್ದಾರೆ" ಎಂದು ಮೇಡಂ ಕತ್ತರಿಯ ಕಡೆ ಕೈ ತೋರಿಸಿದರು. ಎಲ್ಲರೂ ತಿರುಗಿ ನೋಡಿದರು.

ಕಿಟಕಿಗಳ ಪರದೆ ಎಳೆದರು. ಗೋಡೆಯ ಮೇಲೆ ಅಕ್ಕ ಬಂದಳು. ಸದ್ದಿಲ್ಲದೆ ಬಾಯಿ ತೆರೆಯುತ್ತಿದ್ದಳು, ಬಟ್ಟೆ ಮಡಚುತ್ತಿದ್ದಳು, ಬಸ್ಸಿನ ಕಿಟಕಿಗೆ ಹಣೆ ಒತ್ತಿದ್ದಳು. "ಅಯ್ಯೋ ನಮ್ಮೋಳೇ!" ಅಂತ ಯಾರೋ ಚಪ್ಪಾಳೆ ತಟ್ಟಿದರು. ಭಾವ ಹಿಂದೆ ಗೋಡೆಗೊರಗಿ, ಕೈಯಲ್ಲಿ ಫ್ಲಾಸ್ಕು ಹಿಡಿದು, ತಮ್ಮ ಸರದಿಗೆ ಕಾಯುತ್ತಿದ್ದರು. ಕತ್ತರಿ ಗೋಡೆ ನೋಡಲಿಲ್ಲ. ಭಾವನ ಮುಖವನ್ನೇ ನೋಡುತ್ತಿದ್ದ.

ಬಾಗಿಲು ತೆರೆಯಿತು. ಬೆನ್ನು ಬಂತು.

ಭಾವನ ಮುಖ ಅರಳಿತು. ಪಕ್ಕದಲ್ಲಿ ಕೂತವಳಿಗೆ ಏನೋ ಹೇಳಲು ಬಗ್ಗಿದರು. ಅಷ್ಟರಲ್ಲಿ ಗೋಡೆಯ ಮೇಲೆ ಆ ನೋಟ.

ಬೆಂಚುಗಳ ಸಾಲಿನಿಂದ ಮಾತು ಎದ್ದಿತು.

"ಯಾರೇ ಇವ್ನು, ಗೂಳಿ ನುಗ್ಗಿದ ಹಾಗೆ ನುಗ್ತಾನೆ?"

"ಕುಡ್ಕೊಂಡು ಬಂದಿರ್ತಾನೆ. ಭುಜ ನೋಡು, ಹೆಂಗೆ ವಾಲಿದೆ."

"ಅವಳ ಮುಖ ನೋಡೇ. ಪಾಪ. ಹೊಡಿಯೋನೇ ಇವ್ನು, ಬೇಕಾದ್ರೆ ಬರ್ಕೊಡ್ತೀನಿ."

ಭಾವ ಬಗ್ಗಿದವರು ಬಗ್ಗಿದಂತೆಯೇ ಉಳಿದರು. ನಿಧಾನವಾಗಿ ನೆಟ್ಟಗಾಗಿ, ಫ್ಲಾಸ್ಕನ್ನು ನೆಲದ ಮೇಲಿಟ್ಟು, ಮತ್ತೆ ಗೋಡೆಯತ್ತ ನೋಡಿದರು. ನೋಡಿದ್ದು ಸರಿಯೋ ಅಲ್ಲವೋ ಎಂಬಂತೆ.

ಪರದೆ ಸರಿಸಿ ಬೆಳಕು ಬಂದಾಗ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದರು. ಕತೆ ಏನು? ಗಂಡನಿಗೆ ಹೆದರಿ ಬದುಕೋ ಹೆಂಡ್ತಿ ಕತೆ. ಯಾರಿಗಾಗಿ? ಬಾಯಿ ಬಿಡೋಕಾಗದೆ ಇರೋರಿಗಾಗಿ. ಎಂಥ ಹಾಡು? ಪ್ರೀತಿ ಹಾಡಲ್ಲ, ದೂರು ಎಂದಳು ಒಬ್ಬಳು. "ಪೊಲೀಸ್ ಸ್ಟೇಷನ್ನಲ್ಲಿ ಹಾಡೋ ಹಾಡು" ಎಂದಳು ಇನ್ನೊಬ್ಬಳು. ಯಾರೂ ನಗಲಿಲ್ಲ. ಕತ್ತರಿಗೆ ಒಂದು ಕಡೆ ಒಳಗೊಳಗೇ ಹಿಗ್ಗು, ತಾನು ಮಾಡಿದ್ದು ನಾಟಿತಲ್ಲ ಅಂತ. ಇನ್ನೊಂದು ಕಡೆ ಕುರ್ಚಿಯಡಿ ನೆಲವೇ ಇಲ್ಲದಂತೆ. ಭಾವ ಜಾಕೆಟ್ಟಿನ ಜಿಪ್ ಎಳೆಯುತ್ತಿದ್ದರು, ಅದು ಸಿಕ್ಕಿಕೊಂಡಿತ್ತು.

ಆ ಎಳೆದಾಟವೇ ಪಕ್ಕದವಳ ಕಣ್ಣಿಗೆ ಬಿತ್ತು. ಅವಳು ಹಳದಿ ಪಟ್ಟಿ ನೋಡಿದಳು, ಭುಜ ನೋಡಿದಳು. ಬೆಂಚಿನ ಮೇಲೆ ಸರಿದು ಕೂತಳು.

"ನಾನು ಬ್ರೆಡ್ ತಂದಿದ್ದೆ ಅಷ್ಟೇ ಕಣಮ್ಮ" ಎಂದರು ಭಾವ. ದನಿ ಸಣ್ಣದಾಗಿತ್ತು. ಆಮೇಲೆ ಕತ್ತರಿಯ ಕಡೆ ತಿರುಗಿ, ನಿಜಕ್ಕೂ ತಿಳಿಯದವರ ಹಾಗೆ ಕೇಳಿದರು: "ಬ್ರೆಡ್ ಎಲ್ಲಿ ಹೋಯ್ತಯ್ಯಾ?"

ಕತ್ತರಿ ಉತ್ತರ ಕೊಡುವ ಮೊದಲೇ ಮೇಡಂ ಎರಡನೇ ಸಲಕ್ಕೆ ಪರದೆ ಎಳೆಸಿದರು. ಆರ್ಗನ್ ಮೊಳಗಿತು. ಕತ್ತಲಲ್ಲಿ ಅಕ್ಕನ ದನಿ ತುಂಬಿಕೊಂಡಿತು.

ದೀಪ ಆರಿಸಬೇಡ, ನಾನಿನ್ನೂ ದಾರಿಯಲ್ಲಿದ್ದೇನೆ,
ಕೈ ಸುಕ್ಕಾಗಿದೆ, ಹಾಡು ಸುಕ್ಕಾಗಿಲ್ಲ.

ಅದೇ ಹೊತ್ತಿಗೆ ಬಾಗಿಲು ತುಸು ತೆರೆದು ಅಕ್ಕ ಒಳಗೆ ಬಂದಳು. ಹಬೆಗೆ ಕೂದಲು ಹಣೆಗಂಟಿತ್ತು. ಗೋಡೆಯ ಮೇಲೆ ತನ್ನನ್ನೇ ಕಂಡು ನಾಚಿ ನಕ್ಕು, ಗಂಡ ಎಲ್ಲಿದ್ದಾರೆಂದು ಹುಡುಕಿ, ಅವರ ಪಕ್ಕ ಹೋಗಿ ನಿಂತಳು. ನಗು ಇನ್ನೂ ಮುಖದ ಮೇಲಿತ್ತು. ಬಾಗಿಲು, ಬೆನ್ನು, ನೋಟ ಬಂದವು. ನಗು ಹೋಯಿತು. ಅವಳ ಕೈ ಮೆಲ್ಲಗೆ ಗಂಡನ ತೋಳು ಹಿಡಿಯಿತು. ಕತ್ತರಿಗೆ ಅದಿಷ್ಟೂ ಕಂಡಿತು.

"ಹಾಡು ಒಂದು ಹೇಳತ್ತೆ, ಮುಖ ಇನ್ನೊಂದು ಹೇಳತ್ತೆ" ಎಂದಳು ಇಸ್ತ್ರಿ ಅಜ್ಜಿ, ಬೆಳಕು ಬಂದ ಮೇಲೆ. "ದೀಪ ಹಚ್ಚಿಟ್ಟು ಕಾಯೋನಿಗೆ ಯಾರಾದ್ರೂ ಹೀಗೆ ಹೆದರ್ತಾರಾ? ಬಾರೆ ಇಲ್ಲಿ. ನಿಜ ಹೇಳು. ಏನ್ ಮಾಡ್ತಾರೆ ಇವ್ರು ನಿಂಗೆ?"

"ಅಯ್ಯೋ ಅಜ್ಜಿ!" ಅಕ್ಕ ನಗಲು ನೋಡಿದಳು. "ಇವ್ರು ಸೊಳ್ಳೆ ಹೊಡಿಯೋಕೂ ನನ್ನನ್ನೇ ಕರೀತಾರೆ. ಅವತ್ತು ಲೈಟ್ ಬಿತ್ತು, ಬೆಚ್ಚಿದೆ. ಇವನು ಅದನ್ನ ತಂದು ಇಲ್ಲಿ ಸೇರಿಸಿದ್ದಾನೆ. ಅಷ್ಟೇ."

"ಹೌದು, ಲೈಟು" ಎಂದ ಕತ್ತರಿ. ಹೇಳಿದ್ದು ತುಸು ಜೋರಾಯಿತು.

ಮೇಡಂ ವಿಡಿಯೋವನ್ನು ಹಿಂದಕ್ಕೆ ಓಡಿಸಿ ಆ ನೋಟದ ಮೇಲೆ ನಿಲ್ಲಿಸಿದರು. ಕೋಲಿಲ್ಲದ್ದರಿಂದ ಇಸ್ತ್ರಿ ಅಜ್ಜಿಯ ಕೊಡೆ ಎತ್ತಿಕೊಂಡು, ಅದರ ತುದಿಯನ್ನು ಅಕ್ಕನ ಕಣ್ಣಿಗೆ ತಾಗಿಸಿ ಗಾಳಿಯಲ್ಲಿ ಗೆರೆ ಎಳೆದರು.

"ಲೈಟ್ ನೆಲಕ್ಕೆ ಬಿತ್ತು ಅಂದ್ರಿ. ಆಗ ಕಣ್ಣು ಕೆಳಗೆ ಹೋಗ್ಬೇಕಿತ್ತು. ಇಲ್ಲಿ ನೋಡಿ, ಮೇಲಕ್ಕೆ ಹೋಗಿದೆ. ಕ್ಯಾಮೆರಾದ ಪಕ್ಕಕ್ಕೆ, ನಿಂತಿರೋ ಆಳಿನ ಮುಖದಷ್ಟು ಎತ್ತರಕ್ಕೆ." ಅವರ ದನಿಯಲ್ಲಿ ಆರೋಪವಿರಲಿಲ್ಲ, ಪಾಠದ ಉತ್ಸಾಹವಿತ್ತು. "ಅದಕ್ಕೇ ಇದು ನಿಮಗೆಲ್ಲ ತಟ್ಟಿದ್ದು. ನಟನೆ ಆಗಿದ್ರೆ ಇಷ್ಟು ನಾಟ್ತಿರ್ಲಿಲ್ಲ. ಕತೆ ಜೋಡಣೆಯಿಂದ ಬಂತು. ಆದ್ರೆ ಭಯ ಜೋಡಿಸಿದ್ದಲ್ಲ."

ಕ್ಯಾಮೆರಾದ ಪಕ್ಕ.

ಕತ್ತರಿ ಕುರ್ಚಿಯ ಅಂಚನ್ನು ಹಿಡಿದ. ಆ ತುಣುಕಿನ ಸದ್ದನ್ನು ಅವನು ಮೊದಲೇ ಅಳಿಸಿದ್ದ, ಬೇಡದ ಗಲಾಟೆ ಅಂತ. ಗಲಾಟೆ ಯಾರದು ಎಂದು ಯೋಚಿಸಿರಲಿಲ್ಲ. ಈಗ ಅದು ಸಾಲಾಗಿ ಬಂತು. ಸಂಜೆಯ ಬೆಳಕು ಹೋಗುತ್ತಿತ್ತು. ಮೊದಲೇ ರೆಕಾರ್ಡಾದ ಹಾಡಿಗೆ ತುಟಿ ಆಡಿಸುವಾಗ ಅಕ್ಕ ಮೂರನೇ ಸಲವೂ ಅದೇ ಸಾಲಿನಲ್ಲಿ ತಪ್ಪಿದಳು. ಇವನು ಬಾಯಿಗೆ ಬಂದಂತೆ ಬೈದ. ಅಕ್ಕ "ಸ್ವಲ್ಪ ತಡಿಯೋ" ಎನ್ನುತ್ತ ಸಿಂಕಿನ ಕಡೆ ತಿರುಗಿದಳು. ಬೆನ್ನು ತಿರುಗಿಸಿದ್ದಕ್ಕೆ ಇವನ ಸಿಟ್ಟು ನೆತ್ತಿಗೇರಿತು. ಕೂಗುತ್ತ ಎರಡು ಹೆಜ್ಜೆ ಮುಂದೆ ಹೋದ, ಅವಳು ತಟ್ಟನೆ ತಿರುಗಿದಳು, ಆಮೇಲೆ ಇವನು ಸ್ಟ್ಯಾಂಡನ್ನು ಒದ್ದ. ಲೈಟು ಬಿದ್ದದ್ದು ಕೊನೆಗೆ. ಅವಳು ತಿರುಗಿ ನೋಡುವಾಗ ಅದು ಇನ್ನೂ ನಿಂತೇ ಇತ್ತು.

"ನಿಮ್ಮ ವಿಡಿಯೋ ತಗೋತೀವಿ" ಎನ್ನುತ್ತಿದ್ದರು ಮೇಡಂ, ಅಕ್ಕನ ಕೈ ಹಿಡಿದು. "ಬೆಳಿಗ್ಗೆಯೊಳಗೆ ಕೊನೇ ಪ್ರತಿ ಕಳಿಸಿ. ಸಣ್ಣಪುಟ್ಟದು ಏನಾದ್ರೂ ಬದಲಾಯಿಸ್ಕೊಳ್ಳಿ, ಆ ನೋಟ ಮಾತ್ರ ಬಿಡಬೇಡಿ."

ಅಕ್ಕ ಏನೆನ್ನುತ್ತಾಳೋ ಎಂದು ಕತ್ತರಿ ಕಾದ. ಎಷ್ಟೋ ವರ್ಷ ಮದುವೆ ಮನೆಗಳಲ್ಲಿ, ಸಂತಾಪ ಸಭೆಗಳಲ್ಲಿ, ಊಟದ ಗದ್ದಲದ ನಡುವೆ ಹಾಡಿದವಳು ಅವಳು. "ಆಗ್ಲಿ ಮೇಡಂ" ಎಂದಳು, ಅಷ್ಟೇ.

ಹೆಂಗಸರು ಇಳಿದುಹೋದರು. ಭಾವ ಹಿಡಿದ ಲೋಟಗಳನ್ನು ಇಬ್ಬರು ತೆಗೆದುಕೊಳ್ಳಲಿಲ್ಲ. ಒಬ್ಬಳು ಅಕ್ಕನನ್ನು ಮೂಲೆಗೆ ಕರೆದು, "ಯಾವ ಹೊತ್ತಾದ್ರೂ ಸರಿ, ನಮ್ಮನೆ ಬಾಗಿಲು ತಟ್ಟು. ಕೇಳೋರಿಲ್ಲ ಅಂದ್ಕೋಬೇಡ" ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿತು. ಭಾವ ಉಳಿದ ಚಹಾವನ್ನು ಸಿಂಕಿಗೆ ಸುರಿದು ಫ್ಲಾಸ್ಕು ತೊಳೆದರು. ಮತ್ತೆ ಮತ್ತೆ ತೊಳೆದರು.

ವಿಡಿಯೋ ಅಂಗಡಿ ಅಲ್ಲಿಂದ ಎರಡು ಬೀದಿ ಆಚೆ. ಮೂವರೂ ಅಲ್ಲಿಗೆ ನಡೆದರು. ಭಾವ ಜಾಕೆಟ್ ಕಳಚಿ ಒಳಮೈ ಹೊರಗೆ ಮಾಡಿ ತೋಳಿನ ಮೇಲೆ ಹಾಕಿಕೊಂಡಿದ್ದರು.

ಅಂಗಡಿಯ ಹಿಂಬದಿಯ ಕೋಣೆ ಇಕ್ಕಟ್ಟು. ಎರಡು ಕಂಪ್ಯೂಟರ್ ಪರದೆ, ಒಂದು ಕುರ್ಚಿ, ಗೋಡೆಗೆ ನೇತುಬಿದ್ದ ವಯರುಗಳ ಗೋಜಲು. ಕತ್ತರಿ ಯಂತ್ರ ಶುರುಮಾಡಿದ.

"ನೋಡಯ್ಯಾ" ಎಂದರು ಭಾವ. "ನಿನ್ನ ಕೆಲಸ ನಂಗೆ ತಿಳಿಯಲ್ಲ. ಕತೆ ಬೇಕಿತ್ತು, ಮಾಡಿದೆ. ಆದ್ರೆ ಅದು ಟಿವೀಲಿ ಬಂದ್ಮೇಲೆ ನಾನು ಡಿಪೋಗೆ ಹ್ಯಾಗೆ ಹೋಗ್ಲಿ? ನಂ ಬಸ್ಸಲ್ಲಿ ಹೆಂಗಸ್ರು ಹತ್ತಬೇಕೋ ಬೇಡ್ವೋ?"

"ತೆಗೀತೀನಿ ಭಾವ."

"ಅಲ್ಲ, ಮೇಡಂ ಅದನ್ನೇ ಬಿಡಬೇಡಿ ಅಂದ್ರಲ್ಲ. ಅವಳಿಗೆ ಇದೊಂದು ಸಿಕ್ಕಿದೆ. ಅದೂ ಹೋಗ್ಬಾರ್ದು."

ಕತ್ತರಿ ಅಕ್ಕನ ಕಡೆ ನೋಡಲಿಲ್ಲ. ತುಣುಕು ತೆರೆದು, ತಾನು ಅಳಿಸಿದ್ದ ಸದ್ದನ್ನು ಮರಳಿ ತಂದ. ಹಾಗೆ ಮಾಡಬೇಕೆಂದು ಅವನು ನಿರ್ಧರಿಸಿದ್ದೇನೂ ಅಲ್ಲ. ಬೇರೇನು ಹೇಳಬೇಕೆಂದು ತಿಳಿಯಲಿಲ್ಲ, ಬೆರಳು ಒತ್ತಿತು.

ಸ್ಪೀಕರಿನಿಂದ ಅವನದೇ ದನಿ ಬಂತು. ಅವನಿಗೇ ಗುರುತು ಸಿಗದಷ್ಟು ಒಡಕಾಗಿತ್ತು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಆಡಬಾರದ ಮಾತುಗಳಿದ್ದವು. ನಡುವೆ ಅಕ್ಕನ "ತಡಿಯೋ". ಹೆಜ್ಜೆ ಸದ್ದು. ಪರದೆಯ ಮೇಲೆ ಅವಳು ತಿರುಗಿದಳು, ಕಣ್ಣು ಅಗಲವಾಯಿತು, ನೀರು ಸುರಿಯಿತು. ಅದಾದ ಮೇಲೆ ಢಬ್ ಎಂದು ಸ್ಟ್ಯಾಂಡು ಬಿತ್ತು.

ಭಾವ ಪರದೆಯನ್ನೇ ನೋಡುತ್ತಿದ್ದರು. "ಇದು ಯಾವಾಗ?"

"ನೀವು ಬ್ರೆಡ್ ತರೋಕೆ ಹೋಗಿದ್ರಿ" ಎಂದಳು ಅಕ್ಕ.

ಭಾವ ಜಾಕೆಟ್ಟನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿದರು. ಆಮೇಲೆ, "ನಾನು ಹೊರಗಿರ್ತೀನಿ" ಎಂದು ಹೇಳಿ, ಹೋಗದೆ ಬಾಗಿಲ ಹೊರಗೇ ನಿಂತರು.

"ನಾನು ಯಾವತ್ತಾದ್ರೂ ನಿನ್ನ ಮೇಲೆ ಕೈ ಎತ್ತಿದ್ದೀನಾ ಅಕ್ಕ?" ಕತ್ತರಿಯ ಮಾತು ಬೇಡಿಕೊಂಡಂತಿತ್ತು, ಜಗಳ ತೆಗೆದಂತೆಯೂ ಇತ್ತು.

"ಇಲ್ಲ."

"ಮತ್ತೆ?"

"ಮತ್ತೇನಿಲ್ಲ. ಇವತ್ತು ಎತ್ತಲಿಲ್ಲ, ಇವತ್ತು ಎತ್ತಲಿಲ್ಲ ಅಂತ ನೋಡ್ಕೊಂಡೇ ಇರ್ತೀನಿ." ಅವಳು ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಂಡಳು. ಲಾಂಡ್ರಿಯಲ್ಲಿ ಯಾವ ಬಟ್ಟೆ ಎಲ್ಲಿಗೆ ಅಂತ ಹೇಳುವಷ್ಟೇ ಸಪಾಟಾಗಿ ಮುಂದುವರಿಸಿದಳು: "ಭಾವನ ಬೆನ್ನು ತೆಗಿ. ಅವರು ಒಳಗೆ ಬರೋದು ಕೊನೇಲಿ ಹಾಕು, ಹಾಡು ಇರೋ ಕಡೆ, ಬ್ರೆಡ್ ಕಾಣೋ ಹಾಗೆ. ನೋಟ ಇರ್ಲಿ. ಅದರ ಮುಂದೆ ಯಾರನ್ನೂ ಹಾಕ್ಬೇಡ."

"ಯಾರನ್ನೂ ಹಾಕದೆ ಇದ್ರೆ, ಏನ್ ನೋಡಿ ಹೆದರಿದ್ದು ಅಂತ ಕೇಳ್ತಾರೆ. ಟಿವಿಯೋರು ಕೇಳ್ತಾರೆ. ನಿನ್ನನ್ನ ಕೂರಿಸ್ಕೊಂಡು ಕೇಳ್ತಾರೆ."

"ಕೇಳ್ಲಿ."

"ಏನ್ ಹೇಳ್ತೀಯ?"

"ಇನ್ನೊಂದ್ಸಲ ಲೈಟು ಅಂತ ಹೇಳಲ್ಲ ಕಣೋ."

ಕತ್ತರಿಯ ಕಿವಿ ಬಿಸಿಯಾಯಿತು. ಅದೇ ಹಳೆಯ ಬಿಸಿ, ಕಾಲಿನಿಂದ ಏರಿ ಬರುವಂಥದ್ದು. ಮೇಜಿನಡಿ ಅವನ ಪಾದ ಯಾವುದೋ ಡಬ್ಬಕ್ಕೆ ತಾಗಿತ್ತು. ಒದೆಯಲಿಲ್ಲ. ಪಾದವನ್ನು ಕುರ್ಚಿಯಡಿಗೆ ಎಳೆದುಕೊಂಡ. ಬೆನ್ನನ್ನು ಅಳಿಸಿದ. ಬ್ರೆಡ್ಡಿನ ಚೀಲವನ್ನು ಅಂಚಿನಿಂದ ಒಳಗೆ ತಂದ. ಭಾವ ನಿಧಾನವಾಗಿ, ತಮ್ಮ ನಿಜವಾದ ನಡಿಗೆಯಲ್ಲಿ ಮನೆಯೊಳಗೆ ಬಂದರು.

"ನೋಟ ಎಲ್ಲಿಂದ ಶುರುವಾಗ್ಬೇಕು ಹೇಳು ಬಾ. ಅಲ್ಲಿಂದ ಸರಿಯಾಗಿ ಕಾಣಲ್ಲ."

"ಇಲ್ಲಿಂದಲೇ ಕಾಣತ್ತೆ."

ಅವನು ತಿರುಗಿ ನೋಡಿದ. ಅಕ್ಕ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದಳು, ಒಂದು ಕಾಲು ಹೊಸ್ತಿಲಾಚೆ. ಅಂಗಡಿಗೆ ಬಂದಾಗಲೆಲ್ಲ ಅವಳು ಕೂರುತ್ತಿದ್ದುದೇ ಅಲ್ಲಿ. ಮನೆಯಲ್ಲೂ ಅಷ್ಟೇ, ಇವನು ಊಟಕ್ಕೆ ಕೂತಾಗ ಅವಳು ಬಾಗಿಲಿಗೆ ಆತು ನಿಲ್ಲುವಳು. ಗಾಳಿಗೆ ಅಂತ ಇವನು ತಿಳಿದಿದ್ದ.

ಎದ್ದು ಹೋಗಿ ಅವಳ ಕಾಲ ಬಳಿ ಕೂರಬೇಕೆನ್ನಿಸಿತು. ಏಳಬೇಕಾದರೆ ಕುರ್ಚಿ ಹಿಂದಕ್ಕೆ ತಳ್ಳಬೇಕು, ಅದು ಕಿರ್ರೆನ್ನುತ್ತದೆ. ಎದ್ದರೆ ಬಾಗಿಲ ಕಡೆಗೇ ಎರಡು ಹೆಜ್ಜೆ ಇಡಬೇಕು. ಅವನು ಏಳಲಿಲ್ಲ. ಕೈಗಳೆರಡನ್ನೂ ಅವಳಿಗೆ ಕಾಣುವಂತೆ ಮೇಜಿನ ಮೇಲಿಟ್ಟುಕೊಂಡು, ಮೆಲ್ಲಗೆ ಕೇಳಿದ:

"ಇಲ್ಲಿಂದ ಹಾಕ್ಲಾ?"

"ಇನ್ನೂ ಸ್ವಲ್ಪ ಹಿಂದೆ" ಎಂದಳು ಅಕ್ಕ.